ರಿಂಗ್ ಬಿಡಿಸುವ ಮನೆಮದ್ದು

ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ, ಕೆಲವು ನೀಲಿ ಹೊಗೆ ಬಿಡುತ್ತಾ, ಆಯಿಲ್ ಕುಡಿಯುತ್ತಾ. ಗ್ಯಾರೇಜಿನವರು ಇಂಜಿನ್ ಬಿಚ್ಚಬೇಕು ಅನ್ನುತ್ತಾರೆ. ಗಾಡಿಯ ಬೆಲೆಗಿಂತ ಆ ಖರ್ಚೇ ಹೆಚ್ಚಾಗುವ ಭಯದಲ್ಲಿ ಮಾಲೀಕರು ಜಾಮಾದ ಪಿಸ್ಟನ್ ರಿಂಗ್ ಬಿಡಿಸುವ ಮನೆಮದ್ದಿಗೆ ಕೈ ಹಾಕುತ್ತಾರೆ: ಪ್ಲಗ್ ಬಿಚ್ಚಿ, ಅಸಿಟೋನ್ ಜತೆ ಪವರ್ ಸ್ಟೀರಿಂಗ್ ಆಯಿಲ್ ಬೆರೆಸಿ, ಸಿಲಿಂಡರಿಗೆ ಸುರಿದು ರಾತ್ರಿಯಿಡೀ ನೆನೆಸುವುದು.

ಇದು ಬರೀ ಬೂಟಾಟಿಕೆಯಲ್ಲ. ಪಿಸ್ಟನ್ನಿನ ತೋಡಿನೊಳಗೆ ಕಾರ್ಬನ್ ಗಟ್ಟಿಯಾಗಿ ರಿಂಗಿನ ಸ್ಪ್ರಿಂಗು ಸತ್ತಂತಾಗಿದ್ದರೆ ದ್ರಾವಣ ಅದನ್ನು ಸಡಿಲಿಸಬಲ್ಲದು. ಆದರೆ ಮೇಲಿನ ರಿಂಗುಗಳಿಗೆ ಸಿಗುವ ಮದ್ದು ಕೆಳಗಿನ ಆಯಿಲ್ ರಿಂಗಿಗೆ, ಅದರ ಹಿಂದಿನ ಸಣ್ಣ ತೂತುಗಳಿಗೆ, ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಆಯಿಲ್ ಕುಡಿಯುವ ರೋಗದ ಮೂಲ ಬಹುಪಾಲು ಅಲ್ಲೇ.

ಇನ್ನೊಂದು ತೊಡಕು ಯಾರೂ ಹೇಳುವುದಿಲ್ಲ. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಕ್ರ್ಯಾಂಕ್ ತಿರುಗಿಸಿ ಎಲ್ಲ ಪಿಸ್ಟನ್ನುಗಳನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರಬಹುದು. 800ರಲ್ಲಿರುವುದು ಮೂರು, 120 ಡಿಗ್ರಿ ಅಂತರದಲ್ಲಿ. ಮೂರೂ ಒಂದೇ ಮಟ್ಟಕ್ಕೆ ಬರಲಾರವು. ಹಾಗಾಗಿ ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಸುರಿಯಬೇಕು, ನಡುನಡುವೆ ಕೈಯಲ್ಲಿ ಕ್ರ್ಯಾಂಕ್ ಅಲ್ಲಾಡಿಸಬೇಕು.

ದೊಡ್ಡ ಮೋಸ ಮರುದಿನ ಬೆಳಿಗ್ಗೆಯದು. ಕಂಪ್ರೆಷನ್ ಗೇಜ್ ಹಾಕಿದರೆ ಮುಳ್ಳು ಜಿಗಿಯುತ್ತದೆ, ಮಾಲೀಕರು ಕುಣಿಯುತ್ತಾರೆ. ಸವೆದ ರಿಂಗಿನ ಸಂದಿಯನ್ನೂ ಉಳಿದ ಎಣ್ಣೆ ಮುಚ್ಚುತ್ತದೆ; ಗ್ಯಾರೇಜಿನಲ್ಲಿ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮಾಡುವ ಪರೀಕ್ಷೆಯೂ ಇದೇ ತತ್ತ್ವದ್ದು. ಸೋರಿಕೆ ರಿಂಗಿನಲ್ಲೋ ವಾಲ್ವಿನಲ್ಲೋ ಎಂದು ಅದು ಹೇಳೀತು, ರಿಂಗ್ ಜಾಮೋ ಸವೆದದ್ದೋ ಎಂದು ಹೇಳದು. ಆ ವ್ಯತ್ಯಾಸ ಗೊತ್ತಾಗುವುದು ನೆನೆಸಿ, ಆಯಿಲ್ ಬದಲಿಸಿ, ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೆ ಅಳೆದಾಗ. ಆದ್ದರಿಂದ ನನ್ನ ಲೆಕ್ಕದಲ್ಲಿ ಇದು ಚಿಕಿತ್ಸೆಗಿಂತ ಹೆಚ್ಚಾಗಿ ಅಗ್ಗದ ತಪಾಸಣೆ.

ಆಯಿಲ್ ಬದಲಿಸುವುದು ಮಾತ್ರ ಕಡ್ಡಾಯ. ಸುರಿದದ್ದು ಕೆಳಗಿನ ಆಯಿಲ್ ಸಂಪ್‌ಗೆ ಇಳಿದು ಹಳೇ ಆಯಿಲನ್ನು ನೀರು ಮಾಡಿರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಇಗ್ನಿಷನ್ ಕಾಯಿಲಿನ ಸಂಪರ್ಕ ತೆಗೆದು, ಪ್ಲಗ್ ತೂತಿಗೆ ಬಟ್ಟೆ ಹಿಡಿದು, ಕ್ರ್ಯಾಂಕ್ ಮಾಡಿ ಉಳಿದದ್ದನ್ನೆಲ್ಲ ಹೊರಹಾಕಬೇಕು. ದ್ರವ ಒತ್ತಿದರೆ ಕುಗ್ಗದು, ಒಳಗೇ ಉಳಿದರೆ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಅಸಿಟೋನ್ ಆವಿಗೆ ಕಿಡಿ ತಾಗಿದರಂತೂ ಕೇಳುವುದೇ ಬೇಡ. ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಕೂಡದು.

ಎರಡು ಸಲ ನೆನೆಸಿದ ಮೇಲೂ ಹೊಗೆ ನಿಲ್ಲದಿದ್ದರೆ ಮೂರನೇ ಬಾಟಲಿಗೆ ದುಡ್ಡು ಹಾಕಬೇಡಿ, ಇಂಜಿನ್ ಬಿಚ್ಚಿಸಿ.