ಮುಂದಾಳು ಮತ್ತು ಮನ್ನಣೆ

ಒಂದು ಜನಾಂಗಕ್ಕೆ ಸರ್ವಮಾನ್ಯನಾದ ರಾಜಕೀಯ ಮುಂದಾಳು ಅವಶ್ಯವೇ ಎಂಬ ಪ್ರಶ್ನೆಯನ್ನು ರಾಜ್ಯಶಾಸ್ತ್ರದವರಿಗೆ ಬಿಟ್ಟು ಸಾಹಿತ್ಯದ ವಿದ್ಯಾರ್ಥಿ ಸುಮ್ಮನಿರುವುದು ವಾಡಿಕೆ. ಅಮೆರಿಕದ ಕಪ್ಪು ಜನರ ಸಾಹಿತ್ಯವನ್ನು ಓದುವವನಿಗೆ ಆ ಸೌಕರ್ಯವಿಲ್ಲ. ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರ ‘ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ (1903) ಎಂಬ ಪ್ರಬಂಧ ಸಂಕಲನವೂ ರಾಲ್ಫ್ ಎಲಿಸನ್ನರ ‘ಇನ್‌ವಿಸಿಬಲ್ ಮ್ಯಾನ್’ (1952) ಕಾದಂಬರಿಯೂ ಇದೇ ಪ್ರಶ್ನೆಯನ್ನು ಕೆಣಕುತ್ತವೆ. ಎರಡನ್ನೂ ಒಟ್ಟಿಗಿಟ್ಟುಕೊಂಡು ಓದಿದಾಗ ಪ್ರಶ್ನೆಯ ರೂಪವೇ ಬದಲಾಗುತ್ತದೆಂದು ನನಗೆ ತೋರಿದೆ. ಮುಂದಾಳು ಬೇಕೋ ಬೇಡವೋ ಎನ್ನುವುದಕ್ಕೆ ಮೊದಲು, ಅವನಿಗೆ ಮನ್ನಣೆ ಕೊಡುವವರು ಯಾರು ಎಂದು ಕೇಳಬೇಕು.

ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ತಮ್ಮ ಜನದ ದನಿಯಾಗಿದ್ದ ಫ್ರೆಡರಿಕ್ ಡಗ್ಲಸ್ 1895ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಟ್ಲಾಂಟಾದ ವಸ್ತುಪ್ರದರ್ಶನದಲ್ಲಿ ಟಸ್ಕೀಗಿ ವಿದ್ಯಾಸಂಸ್ಥೆಯ ಮುಖ್ಯಸ್ಥ ಬೂಕರ್ ಟಿ. ವಾಷಿಂಗ್ಟನ್ ಒಂದು ಭಾಷಣ ಮಾಡಿದರು. ಸಮಾನತೆಯ ಮಾತನ್ನು ಸದ್ಯಕ್ಕೆ ಬದಿಗಿಟ್ಟು ಬೇಸಾಯ, ಕೈಕಸುಬು, ಉಳಿತಾಯಗಳಿಂದ ಮೇಲೆ ಬರೋಣ ಎಂಬುದು ಅದರ ತಾತ್ಪರ್ಯ. ಬಿಳಿಯರಿಗೆ ಪರಮಾನಂದವಾಯಿತು. ಅಲ್ಲಿಂದ ಮುಂದೆ, 1915ರಲ್ಲಿ ಅವರು ಕಣ್ಮುಚ್ಚುವವರೆಗೂ, ಉತ್ತರದ ಧನಿಕರು ಕಪ್ಪು ಮಕ್ಕಳ ಶಾಲೆಗೆ ಹಣ ಕೊಡುವಾಗಲೂ, ಸರ್ಕಾರ ಒಬ್ಬ ಕಪ್ಪು ಮನುಷ್ಯನಿಗೆ ಹುದ್ದೆ ಕೊಡುವಾಗಲೂ ಟಸ್ಕೀಗಿಯ ಅಭಿಪ್ರಾಯಕ್ಕೆ ಕಾಯುವುದು ಪದ್ಧತಿಯಾಯಿತು. 1901ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರನ್ನು ಶ್ವೇತಭವನಕ್ಕೆ ಊಟಕ್ಕೆ ಕರೆದರು. ಅದೇ ವರ್ಷ, ವಾಷಿಂಗ್ಟನ್ನರು ನೆಲೆಸಿದ್ದ ಅಲಬಾಮಾ ರಾಜ್ಯ ಹೊಸ ಸಂವಿಧಾನ ಬರೆದುಕೊಂಡು ಕಪ್ಪು ಜನರ ಮತದ ಹಕ್ಕನ್ನು ಬಹುಮಟ್ಟಿಗೆ ಕಿತ್ತುಕೊಂಡಿತು. ಮುಂದಾಳಿಗೆ ಮಣೆ ಹಾಕಿದ ಕಾಲದಲ್ಲೇ ಅವನ ಹಿಂದಿದ್ದವರಿಗೆ ಬಾಗಿಲು ಮುಚ್ಚಿತು.

ಡುಬಾಯ್ಸ್ ತಮ್ಮ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಎತ್ತಿಕೊಂಡಿದ್ದು ಈ ವಿಷಯವನ್ನೇ. ಬರಹದ ಸಂಯಮವನ್ನು ನೋಡಬೇಕು. ವಾಷಿಂಗ್ಟನ್ನರ ಸಾಧನೆಗೆ ಸಲ್ಲಬೇಕಾದ ಗೌರವವನ್ನು ಮೊದಲು ಪೂರ್ತಿ ಸಲ್ಲಿಸುತ್ತಾರೆ. ಆಮೇಲೆ, ಹೊರಗಿನ ಒತ್ತಡದಿಂದ ಒಂದು ಸಮುದಾಯದ ಮೇಲೆ ಕೂರಿಸಿದ ನಾಯಕನಿಂದ ಲಾಭವೂ ಉಂಟು, ನಷ್ಟವೂ ಉಂಟು ಎಂದು ತೂಗಿ ನೋಡುತ್ತಾರೆ. ತನ್ನ ನಾಯಕನನ್ನು ತಾನೇ ಹುಡುಕಿ, ವಿಮರ್ಶಿಸಿ ಆರಿಸಿಕೊಳ್ಳುವಾಗ ಸಮುದಾಯಕ್ಕೆ ದೊರೆಯುವ ಶಿಕ್ಷಣ ತಪ್ಪಿಹೋಗುತ್ತದೆಂಬುದೇ ಅವರ ದೃಷ್ಟಿಯಲ್ಲಿ ದೊಡ್ಡ ನಷ್ಟ. (ಹೊರಗಿನವರು ಒಪ್ಪಿದ ಪ್ರತಿನಿಧಿ ಒಳಗಿನವರಿಗೂ ಪ್ರತಿನಿಧಿಯೇ ಎಂಬ ವಾದ 1931ರ ದುಂಡುಮೇಜಿನ ಪರಿಷತ್ತಿನಲ್ಲಿ ಗಾಂಧೀಜಿ ಮತ್ತು ಅಂಬೇಡ್ಕರರ ನಡುವೆ ನಡೆದದ್ದನ್ನು ನಾವು ಬಲ್ಲೆವು. 1946ರಲ್ಲಿ ಅಂಬೇಡ್ಕರರು ಡುಬಾಯ್ಸ್ ಅವರಿಗೆ ಕಾಗದ ಬರೆದದ್ದು ಆಕಸ್ಮಿಕವಲ್ಲ.)

ಡುಬಾಯ್ಸ್ ಕಾಣದ ಒಂದು ಸಂಗತಿ ವಾಷಿಂಗ್ಟನ್ನರ ಪತ್ರಗಳಿಂದ ಮುಂದೆ ಹೊರಬಿತ್ತು. ಅಲಬಾಮಾದ ಮತದಾನದ ನಿಯಮಗಳನ್ನು ಪ್ರಶ್ನಿಸಿದ ಮೊಕದ್ದಮೆಗೆ ಅವರು ಗುಟ್ಟಾಗಿ ಹಣ ಕೊಡುತ್ತಿದ್ದರು. ಆ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತದ್ದು 1903ರಲ್ಲಿ, ಅಂದರೆ ಈ ಟೀಕೆ ಪ್ರಕಟವಾದ ವರ್ಷವೇ. ಇದರಿಂದ ವಾಷಿಂಗ್ಟನ್ನರ ಮೇಲಿನ ಗೌರವ ಹೆಚ್ಚುತ್ತದೆ, ನಿಜ. ಆದರೆ ತನ್ನ ಜನಕ್ಕಾಗಿ ಮಾಡಿದ ಕೆಲಸವನ್ನು ತನ್ನ ಜನಕ್ಕೇ ಹೇಳಲಾರದ ಸ್ಥಿತಿ ಎಂಥದು! ಮನ್ನಣೆ ಕೊಟ್ಟವರಿಗೆ ತಿಳಿದರೆ ಮನ್ನಣೆ ಹೋಗುತ್ತಿತ್ತು.

ಎಲಿಸನ್ ಟಸ್ಕೀಗಿಯಲ್ಲೇ 1933ರಿಂದ 3 ವರ್ಷ ಸಂಗೀತ ಕಲಿತವರು. ಅಲ್ಲಿ ಗುಲಾಮನೊಬ್ಬನ ಮುಖದ ಮುಸುಕನ್ನು ವಾಷಿಂಗ್ಟನ್ನರು ಎತ್ತುತ್ತಿರುವ ಪ್ರತಿಮೆಯಿದೆ. ಅಂಥದೇ ಪ್ರತಿಮೆ ಕಾದಂಬರಿಯಲ್ಲೂ ಬರುತ್ತದೆ. ಮುಸುಕು ತೆಗೆಯುತ್ತಿದ್ದಾರೋ ಇನ್ನಷ್ಟು ಎಳೆಯುತ್ತಿದ್ದಾರೋ ಕಥಾನಾಯಕನಿಗೆ ತಿಳಿಯುವುದಿಲ್ಲ. ಡುಬಾಯ್ಸ್ ಒಂದು ಅಧ್ಯಾಯದಲ್ಲಿ ವಾದಿಸಿದ್ದನ್ನು ಇಲ್ಲಿ ಒಂದು ಚಿತ್ರ ಹೇಳಿಬಿಡುತ್ತದೆ. ಕಾಲೇಜಿನ ಅಧ್ಯಕ್ಷ ಬ್ಲೆಡ್ಸೋ ತನ್ನ ಪೀಠಕ್ಕಾಗಿ ಇಡೀ ಜನಾಂಗವನ್ನೇ ಬಲಿಕೊಡಬಲ್ಲ. ವಿದ್ಯಾರ್ಥಿಯ ಕೈಗೆ ಮೊಹರು ಮಾಡಿದ ಶಿಫಾರಸು ಪತ್ರಗಳನ್ನಿತ್ತು, ಒಳಗೆ ಅವನ ವಿರುದ್ಧವೇ ಬರೆದು ಕಳಿಸುತ್ತಾನೆ. ನ್ಯೂಯಾರ್ಕಿನಲ್ಲಿ ‘ಬ್ರದರ್‌ಹುಡ್’ ಎಂಬ ಪಕ್ಷ ಅದೇ ಹುಡುಗನನ್ನು ಹಾರ್ಲೆಮ್ ಬಡಾವಣೆಯ ಮುಂದಾಳಾಗಿ ನೇಮಿಸಿ, ಲಕೋಟೆಯಲ್ಲಿ ಹೊಸ ಹೆಸರು ಬರೆದು ಕೊಡುತ್ತದೆ. ಆ ಹೆಸರನ್ನು ಲೇಖಕರು ಓದುಗನಿಗೆ ಹೇಳುವುದೇ ಇಲ್ಲ. ಆ ಮೌನ ಕಾದಂಬರಿಯ ಪರಮೋತ್ಕೃಷ್ಟ ಸ್ಥಳಗಳಲ್ಲಿ ಒಂದು.

ಇಷ್ಟು ಮೆಚ್ಚಿದ ಮೇಲೂ ನನ್ನದೊಂದು ತಕರಾರಿದೆ. ಎಲಿಸನ್ನರ ಲೋಕದಲ್ಲಿ ನಾಯಕತ್ವವೆಂದರೆ ಭಾಷಣ, ಜನವೆಂದರೆ ಕೇಳುವ ಗುಂಪು. ಡುಬಾಯ್ಸ್ ಕೂಡ ಜನಾಂಗವನ್ನು ಮೇಲೆತ್ತುವವರು ಅದರ ಪ್ರತಿಭಾವಂತ ದಶಾಂಶವೆಂದೇ 1903ರಲ್ಲಿ ನಂಬಿದ್ದರು. ವೇದಿಕೆಯ ಮೇಲಿರುವವನನ್ನು ಇಬ್ಬರೂ ಚೆನ್ನಾಗಿ ನೋಡಿದರು. ವೇದಿಕೆ ಕಟ್ಟುವವರ ಕಡೆಗೆ ಅವರ ದೃಷ್ಟಿ ಹರಿದದ್ದು ಕಡಿಮೆ. ಅದನ್ನು ತೋರಿಸಲು ಸಾಹಿತ್ಯದ ಹೆಸರಿಲ್ಲದ ಒಂದು ಸಾದಾ ಪುಸ್ತಕ ಬರಬೇಕಾಯಿತು.

ಅದನ್ನು ಬರೆದ ಜೊ ಆನ್ ರಾಬಿನ್‌ಸನ್ ಅಲಬಾಮಾದ ಮಾಂಟ್‌ಗೊಮೆರಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಅಧ್ಯಾಪಕಿ. 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಜಾಗ ಬಿಟ್ಟುಕೊಡದ ರೋಸಾ ಪಾರ್ಕ್ಸ್ ಅವರ ಬಂಧನವಾಯಿತು. ಆ ರಾತ್ರಿಯೇ ರಾಬಿನ್‌ಸನ್ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ಕೂತು, ಬಸ್ ಹತ್ತಬೇಡಿರೆಂಬ ಕರಪತ್ರಗಳನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ತೆಗೆದರು. ಬೆಳಗಾದ ಮೇಲೆ ತರಗತಿಗೂ ಹೋದರು! ಆ ಮಸಿಯ ಕೈಯನ್ನು ಬಲ್ಲ ಅಧ್ಯಾಪಕರಿಗೆ ಕೆಲಸ ಎಷ್ಟೆಂದು ಹೇಳಬೇಕಾಗಿಲ್ಲ. ಊರಿಗೆ ಸುದ್ದಿ ಮುಟ್ಟಿಸಿದ್ದು ಅವರಿದ್ದ ಮಹಿಳಾ ರಾಜಕೀಯ ಮಂಡಲಿ. ಡಿಸೆಂಬರ್ 5ರ ಬೆಳಿಗ್ಗೆ ಬಸ್ಸುಗಳು ಖಾಲಿ ಓಡಿದವು. 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದ್ದು ಆ ದಿನ ಮಧ್ಯಾಹ್ನ.

ಹಾಗೆಂದು ಕಿಂಗ್ ಅನಾವಶ್ಯಕರಾಗಿದ್ದರೆಂದು ಹೇಳುವವರ ಗುಂಪಿಗೆ ನಾನು ಸೇರಲಾರೆ. 1956ರ ಜನವರಿ 30ರಂದು ಅವರ ಮನೆಗೆ ಬಾಂಬು ಬಿತ್ತು. ಸಿಟ್ಟಿಗೆದ್ದ ಜನ, ಕೆಲವರು ಕೈಯಲ್ಲಿ ಆಯುಧ ಹಿಡಿದೇ, ಮನೆಯ ಮುಂದೆ ನೆರೆದರು. ಜಗಲಿಯ ಮೇಲೆ ನಿಂತು ಅವರು ಆಡಿದ ಮಾತಿಗೆ ಆ ಗುಂಪು ಚದುರಿ ಮನೆಗೆ ಹೋಯಿತು. ಅಂಥ ರಾತ್ರಿಯಲ್ಲಿ ಸಮಿತಿಯ ಠರಾವಿನಿಂದ ಕೆಲಸವಾಗುವುದಿಲ್ಲ. ಒಬ್ಬ ಮನುಷ್ಯ ಬೇಕು. ಕಿಂಗ್ ಅವರನ್ನು ಕೂರಿಸಿದವರು ಅದಾಗಲೇ ನಡೆದು ಕಾಲು ನೋಯಿಸಿಕೊಂಡವರು. ಬೇಡವೆನಿಸಿದ್ದರೆ ಇಳಿಸಲೂ ಬಲ್ಲವರಾಗಿದ್ದರು. ಟಸ್ಕೀಗಿಯ ಮುಂದಾಳಿನ ವಿಷಯದಲ್ಲಿ ಇದನ್ನು ಹೇಳುವಂತಿರಲಿಲ್ಲ. ಅವರ ಹೋರಾಟ 381 ದಿನ ನಡೆಯಿತು.

ಡುಬಾಯ್ಸ್ ಘಾನಾ ದೇಶದಲ್ಲಿ, 95ನೆಯ ವಯಸ್ಸಿನಲ್ಲಿ, 1963ರ ಆಗಸ್ಟ್ 27ರಂದು ತೀರಿಕೊಂಡರು. ಮರುದಿನ ವಾಷಿಂಗ್ಟನ್ ನಗರದ ಮಹಾಮೆರವಣಿಗೆಯಲ್ಲಿ ಆ ಸುದ್ದಿಯನ್ನು ವೇದಿಕೆಯಿಂದ ಸಾರಿದರು. ಅಂದಿನ ಮುಖ್ಯ ಭಾಷಣಕಾರರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ರಾಬಿನ್‌ಸನ್ 1960ರಲ್ಲೇ ಆ ಕಾಲೇಜು ಬಿಟ್ಟಿದ್ದರು. ಅವರ ಪುಸ್ತಕ ಬೆಳಕು ಕಂಡದ್ದು 1987ರಲ್ಲಿ. ಅದರ ಶೀರ್ಷಿಕೆಯಲ್ಲಿ ಯಾವ ಮುಂದಾಳಿನ ಹೆಸರೂ ಇಲ್ಲ: ‘ಮಾಂಟ್‌ಗೊಮೆರಿಯ ಬಸ್ ಬಹಿಷ್ಕಾರ ಮತ್ತು ಅದನ್ನು ಆರಂಭಿಸಿದ ಹೆಂಗಸರು’ ಎಂದಷ್ಟೇ ಇದೆ.