ಚಾಸರನ ಪಾರ್ಡನರ್ ಕಥೆಯಲ್ಲಿ ವಕ್ತೃವೈಶಿಷ್ಟ್ಯ

ಆಂಗ್ಲಕವಿ ಜೆಫ್ರಿ ಚಾಸರನ 'ಕ್ಯಾಂಟರ್ಬರಿ ಕಥೆ'ಗಳೊಳಗೆ ಪಾರ್ಡನರ್ ಎಂಬವನು ಹೇಳುವ ಕಥೆಯು ನಮ್ಮ ದೇಶದ ವಿದ್ವಾಂಸರಿಗೆ ವಿಶೇಷವಾಗಿ ಪ್ರಿಯವಾಗಿದೆ. ಪಾಲಿ ಜಾತಕಗಳಲ್ಲಿ ೪೮ನೆಯದಾದ ವೇದಬ್ಭ ಜಾತಕದಲ್ಲಿ ಇದೇ ಕಥಾವಸ್ತು ದೊರೆಯುವುದೇ ಇದಕ್ಕೆ ಕಾರಣ. 'ಕಥೆ ನಮ್ಮದು' ಎಂದು ಸಂತೋಷಪಟ್ಟು ವಿಚಾರವನ್ನು ಅಲ್ಲಿಗೇ ಮುಗಿಸುವವರು ಅನೇಕರು. ಆ ಸಂತೋಷವು ತಪ್ಪಲ್ಲ. ಅಲ್ಲಿಗೇ ನಿಲ್ಲುವುದು ತಪ್ಪು. ಕಥೆಯು ಎಲ್ಲಿಂದ ಬಂದಿತೆಂಬುದು ಒಂದು ಪ್ರಶ್ನೆ. ಬಂದ ಕಥೆಯು ಯಾವುದರಿಂದ ಕಾವ್ಯವಾಯಿತೆಂಬುದು ಬೇರೊಂದು ಪ್ರಶ್ನೆ. ನಾನು ಸಂಸ್ಕೃತ ಪಾಠಶಾಲೆಗಳಲ್ಲಿ ಅಲಂಕಾರಶಾಸ್ತ್ರವನ್ನು ಓದಿ, ತರುವಾಯ ಆಂಗ್ಲಕಾವ್ಯವನ್ನು ನೋಡಿದವನಾದುದರಿಂದ, ಈ ಎರಡನೆಯ ಪ್ರಶ್ನೆಯನ್ನು ನನಗೆ ಪರಿಚಿತವಾದ ಮಾನದಂಡದಿಂದಲೇ ವಿಚಾರಮಾಡಲು ಯತ್ನಿಸುವೆನು.

ಮೊದಲು ಎರಡು ಕಥೆಗಳ ಸ್ವರೂಪವನ್ನು ನೋಡೋಣ. ಜಾತಕದಲ್ಲಿ ವೇದಬ್ಭವೆಂಬ ಮಂತ್ರವನ್ನು ಬಲ್ಲ ಬ್ರಾಹ್ಮಣನೊಬ್ಬನು ಶಿಷ್ಯನೊಡನೆ ಅರಣ್ಯದಲ್ಲಿ ೫೦೦ ಮಂದಿ ಕಳ್ಳರ ಕೈಗೆ ಸಿಕ್ಕುತ್ತಾನೆ. ಬಿಡುಗಡೆಯ ಹಣವನ್ನು ತರಲು ಹೊರಟ ಶಿಷ್ಯನು ಮಂತ್ರವನ್ನು ಪ್ರಯೋಗಿಸಕೂಡದೆಂದು ಹೇಳಿಹೋದರೂ ಗುರುವು ಕೇಳದೆ ಆಕಾಶದಿಂದ ರತ್ನವೃಷ್ಟಿಯನ್ನು ಕರೆಯುತ್ತಾನೆ. ಇನ್ನೊಂದು ಕಳ್ಳರ ತಂಡವು ಬಂದು ಮತ್ತೊಂದು ವೃಷ್ಟಿಯನ್ನು ಬೇಡುತ್ತದೆ. ಅದು ಆಗದಿರಲು ಬ್ರಾಹ್ಮಣನು ಹತನಾಗುತ್ತಾನೆ. ಕಳ್ಳರು ಪರಸ್ಪರ ಕಾದಾಡಿ ಕೊನೆಗೆ ಇಬ್ಬರು ಉಳಿಯುತ್ತಾರೆ. ಅವರಲ್ಲಿ ಒಬ್ಬನು ತಂದ ಅನ್ನದಲ್ಲಿ ವಿಷ, ಇನ್ನೊಬ್ಬನ ಕೈಯಲ್ಲಿ ಕತ್ತಿ, ಇಬ್ಬರೂ ಸಾಯುತ್ತಾರೆ. ಹಿಂದಿರುಗಿದ ಶಿಷ್ಯನು, ಅಂದರೆ ಬೋಧಿಸತ್ತ್ವನು, ಆ ಧನವನ್ನು ಒಯ್ದು ದಾನಧರ್ಮಗಳಲ್ಲಿ ವಿನಿಯೋಗಿಸುತ್ತಾನೆ. ಅನುಪಾಯದಿಂದ ಅರ್ಥವನ್ನು ಬಯಸಿದವನು ಕೆಡುವನೆಂಬುದು ತಾತ್ಪರ್ಯ.

ಚಾಸರನಲ್ಲಿ ಮಂತ್ರವೂ ಇಲ್ಲ, ಸಾವಿರ ಮಂದಿ ಕಳ್ಳರೂ ಇಲ್ಲ. ಫ್ಲಾಂಡರ್ಸ್ ದೇಶದ ಪಾನಗೃಹದಲ್ಲಿ ಮೂವರು ದುರ್ವ್ಯಸನಿಗಳು ಕುಳಿತಿರುವಾಗ ಶವದ ಮುಂದೆ ಬಾರಿಸುವ ಗಂಟೆಯ ಧ್ವನಿ ಕೇಳುತ್ತದೆ. ಮೃತ್ಯುವೆಂಬ ಕಳ್ಳನು ನಿಮ್ಮ ಗೆಳೆಯನನ್ನು ಕೊಂದನೆಂದು ಹುಡುಗನೊಬ್ಬನು ತಿಳಿಸಲು, ಮೃತ್ಯುವನ್ನೇ ಕೊಲ್ಲುವೆವೆಂದು ಶಪಥಮಾಡಿ ಹೊರಡುತ್ತಾರೆ. ದಾರಿಯಲ್ಲಿ ಒಬ್ಬ ವೃದ್ಧನು ಎದುರಾಗುತ್ತಾನೆ. ಅವನು ಸಾವನ್ನು ಬೇಡಿಯೂ ಪಡೆಯಲಾರದೆ, ತಾಯ ಮನೆಯ ಬಾಗಿಲನ್ನು ತಟ್ಟುವವನಂತೆ ನೆಲವನ್ನು ಊರುಗೋಲಿನಿಂದ ತಟ್ಟುತ್ತ ಅಲೆಯುವವನು. ಮೃತ್ಯುವು ಆ ಡೊಂಕುದಾರಿಯ ಓಕ್ ಮರದ ಕೆಳಗೆ ಇರುವನೆಂದು ಅವನು ತೋರಿಸುತ್ತಾನೆ. ಅಲ್ಲಿ ದೊರೆತುದು ಸುಮಾರು ಎಂಟು ಬುಷೆಲ್ ಅಳತೆಯ ಚಿನ್ನದ ನಾಣ್ಯಗಳು. ರೊಟ್ಟಿಯನ್ನೂ ಮದ್ಯವನ್ನೂ ತರಲು ಚೀಟಿಯೆತ್ತಿ ಕಿರಿಯವನನ್ನು ಕಳುಹಿಸುತ್ತಾರೆ. ಅವನು ಇಲಿಗಳಿಗೆಂದು ಹೇಳಿ ವಿಷವನ್ನು ಕೊಂಡು ಮೂರು ಸೀಸೆಗಳಲ್ಲಿ ಎರಡಕ್ಕೆ ಬೆರಸುತ್ತಾನೆ. ಉಳಿದಿಬ್ಬರು ಅವನನ್ನು ಇರಿದು ಕೊಂದು, ಆ ಮದ್ಯವನ್ನೇ ಕುಡಿದು ಸಾಯುತ್ತಾರೆ. ಇಲ್ಲಿ ಹಿಂದಿರುಗಿ ಬಂದು ನೋಡತಕ್ಕ ಬೋಧಿಸತ್ತ್ವನಿಲ್ಲ. ಚಿನ್ನವು ಮರದ ಕೆಳಗೆ ಹಾಗೆಯೇ ಉಳಿಯುತ್ತದೆ.

ಚಾಸರನು ನೇರವಾಗಿ ಅನುಸರಿಸಿದ ಗ್ರಂಥವು ದೊರೆತಿಲ್ಲ. ಆದರೆ ಬೋಧಿಸತ್ತ್ವನ ಸ್ಥಾನವು ಅವನ ಕಾವ್ಯದಲ್ಲಿ ಬರಿದಾಗಿರುವುದು ಸ್ಪಷ್ಟ. ಜಾತಕವನ್ನು ಹೇಳುವವನು ಭಗವಾನ್ ಬುದ್ಧನು. ಕಥೆಯೊಳಗೂ ಶುದ್ಧನಾದ ಸಾಕ್ಷಿಯೊಬ್ಬನಿರುವನು. ಚಾಸರನ ಕಥೆಯೊಳಗೆ ಸಾಕ್ಷಿಯಿಲ್ಲ. ಕಥೆಯ ಹೊರಗೆ ಇರುವವನು ಪಾರ್ಡನರ್. ಅವನು ಯಾರೆಂಬುದನ್ನು ಆ ಕಾಲದ ಇತಿಹಾಸದಿಂದಲೇ ತಿಳಿಯಬೇಕು.

ಪಾಪಕ್ಕೆ ಸಲ್ಲಬೇಕಾದ ಇಹದ ಹಾಗೂ ಶೋಧನಲೋಕದ ದಂಡನೆಯನ್ನು ದಾನಾದಿ ಸತ್ಕರ್ಮಗಳ ಕಾರಣದಿಂದ ತಗ್ಗಿಸುವ ಕ್ಷಮಾಪತ್ರಗಳನ್ನು ರೋಮಿನ ಧರ್ಮಪೀಠವು ಕೊಡುತ್ತಿದ್ದಿತು. ಆಸ್ಪತ್ರೆ ಮುಂತಾದ ಧರ್ಮಸಂಸ್ಥೆಗಳಿಗಾಗಿ ಇವುಗಳ ಮೂಲಕ ಹಣವೆತ್ತುವವನೇ ಪಾರ್ಡನರ್. ಪಾಪವಿಮೋಚನೆ ಮಾಡುವ ಅಧಿಕಾರವು ಅವನಿಗಿರಲಿಲ್ಲ. ಆದರೂ ಸುಳ್ಳು ಮುದ್ರೆಗಳಿಂದಲೂ ಸುಳ್ಳು ಅವಶೇಷಗಳಿಂದಲೂ ಹಳ್ಳಿಗರನ್ನು ವಂಚಿಸುವವರು ಹೆಚ್ಚಿದ್ದರು. ೧೨೧೫ರ ಲ್ಯಾಟೆರನ್ ಮಹಾಸಭೆಯೇ ಇಂತಹವರನ್ನು ಹತೋಟಿಯಲ್ಲಿಡಲು ನಿಯಮಮಾಡಿದ್ದಿತು. ಚಾಸರನ ಪಾರ್ಡನರ್ ಲಂಡನ್ನಿನ ಚೇರಿಂಗ್ ಕ್ರಾಸ್ ಬಳಿಯಿದ್ದ ರೌನ್ಸಿವಲ್ ಆಸ್ಪತ್ರೆಗೆ ಸೇರಿದವನು. ರೋಮಿನಿಂದ ಆಗತಾನೆ ಬಂದವನು. ೧೩೭೮ರಲ್ಲಿ ಧರ್ಮಪೀಠವು ಒಡೆದು ರೋಮಿನಲ್ಲೊಬ್ಬ, ಅವಿನ್ಯಾನಿನಲ್ಲೊಬ್ಬ, ಹೀಗೆ ಇಬ್ಬರು ಪೋಪರಾಗಿದ್ದ ದಿನಗಳವು. ೧೪೧೭ರವರೆಗೂ ಆ ಒಡಕು ತೀರಲಿಲ್ಲ. ೧೩೪೮ರಲ್ಲಿ ಇಂಗ್ಲೆಂಡಿಗೆ ಬಂದ ಮಹಾಮಾರಿಯು ಜನಸಂಖ್ಯೆಯ ಮೂರನೆಯ ಒಂದು ಪಾಲಿಗೆ ಕಡಮೆಯಿಲ್ಲದಷ್ಟನ್ನು ನುಂಗಿ, ೧೩೬೧ರಲ್ಲಿ ಮತ್ತೆ ಬಂದಿದ್ದಿತು. ಹೀಗಿರಲು ಮೃತ್ಯುವನ್ನು ಊರೂರು ತಿರುಗುವ ಕಳ್ಳನೆಂದುದು ಅಂದಿನ ಕೇಳುಗರಿಗೆ ಬರಿಯ ರೂಪಕವಾಗಿರಲಾರದು.

ಕಾವ್ಯದ ಚೌಕಟ್ಟು ಪ್ರಸಿದ್ಧವಾದುದು. ೧೧೭೦ರಲ್ಲಿ ಹತನಾದ ಸಂತ ಥಾಮಸ್ ಬೆಕೆಟನ ಸಮಾಧಿಯ ಯಾತ್ರೆಗೆಂದು ಸುಮಾರು ಮೂವತ್ತು ಮಂದಿ ಸೌತ್‌ವರ್ಕಿನ ಟೇಬರ್ಡ್ ಛತ್ರದಲ್ಲಿ ಕೂಡಿ, ಛತ್ರದ ಯಜಮಾನನ ಸಲಹೆಯಂತೆ ದಾರಿಯುದ್ದಕ್ಕೂ ಕಥೆಗಳನ್ನು ಹೇಳುತ್ತಾರೆ. ಪಾರ್ಡನರನ ಸರದಿ ಬಂದಾಗ ಅವನು ಕಥೆಗಿಂತ ಮೊದಲು ತನ್ನ ವೃತ್ತಿರಹಸ್ಯವನ್ನೇ ಬಿಚ್ಚಿಡುತ್ತಾನೆ: ತೋರಿಸುವ ಅವಶೇಷಗಳು ಸುಳ್ಳು, ಉಪದೇಶದ ವಿಷಯ ಎಂದೆಂದಿಗೂ ಒಂದೇ, ಧನಲೋಭವು ಸಕಲ ಪಾಪಗಳಿಗೂ ಮೂಲವೆಂಬುದು, ಉಪದೇಶದ ಉದ್ದೇಶವಾದರೋ ಧನಲೋಭವೇ. ವರ್ಷಕ್ಕೆ ೧೦೦ ಮಾರ್ಕುಗಳ ಸಂಪಾದನೆಯೆಂದು ಅವನ ಜಂಭ. ೧೩೬೭ರಲ್ಲಿ ದೊರೆಯು ಚಾಸರನಿಗೆ ಕೊಟ್ಟ ವರ್ಷಾಶನವು ೨೦ ಮಾರ್ಕುಗಳೆಂಬುದನ್ನು ನೆನೆದರೆ ಆ ಜಂಭದ ಅಳತೆ ತಿಳಿಯುತ್ತದೆ.

ವಕ್ತೃ, ಬೋದ್ಧವ್ಯ, ಪ್ರಕರಣ ಮುಂತಾದವುಗಳ ವೈಶಿಷ್ಟ್ಯದಿಂದ ಅರ್ಥವೇ ಅರ್ಥಾಂತರವನ್ನು ಧ್ವನಿಸುವುದೆಂದು ಮಮ್ಮಟನು ಕಾವ್ಯಪ್ರಕಾಶದ ತೃತೀಯೋಲ್ಲಾಸದಲ್ಲಿ ನಿರೂಪಿಸಿರುವನಷ್ಟೆ. ಆ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಪರಭಾಷೆಯಲ್ಲಿ ಕಂಡಿಲ್ಲ. ವಾಚ್ಯಾರ್ಥವು ಮೂವರು ಲೋಭಿಗಳ ನಾಶ. ವಕ್ತೃವನ್ನು ನೆನೆದೊಡನೆ ವ್ಯಂಗ್ಯವಾಗುವುದು ನಾಲ್ಕನೆಯ ಲೋಭಿಯ ನಾಶ. ಪಾರ್ಡನರನೂ ಅದೇ ಡೊಂಕುದಾರಿಯಲ್ಲಿ ಅದೇ ಮರದತ್ತ ನಡೆಯುತ್ತಿರುವನು. ತನ್ನ ಕಥೆಯನ್ನು ತಾನೇ ಕೇಳದವನು ಅವನೊಬ್ಬನೇ. ಕಥೆಯ ನಡುವೆ ಕುಡಿತ, ಜೂಜು, ಆಣೆಪ್ರಮಾಣಗಳ ಮೇಲೆ ಬರುವ ದೀರ್ಘೋಪದೇಶವು ಕಥಾವೇಗಕ್ಕೆ ಅಡ್ಡಿಯೆಂದು ಹೇಳುವುದುಂಟು. ಕಥೆಯನ್ನು ಮಾತ್ರ ನೋಡಿದರೆ ಅದು ದೋಷವೇ ಸರಿ. ಆದರೆ ವಕ್ತ್ರಾದಿಗಳ ಔಚಿತ್ಯದಿಂದ ದೋಷವೂ ಗುಣವಾಗುವುದುಂಟು. ಕುಡಿತವನ್ನು ಹಳಿಯುವ ಈ ಪುರುಷನು ಕಥೆಗೆ ಮೊದಲು ಮದ್ಯವನ್ನು ಕೇಳಿ ಕುಡಿದವನೆಂಬುದನ್ನು ಮರೆಯಬಾರದು.

ಪಂಚತಂತ್ರದ ದಮನಕನೂ ಕುಟಿಲನಾಗಿದ್ದು ನೀತಿಕಥೆಗಳನ್ನು ಹೇಳುತ್ತಾನೆ. ಆದರೆ ಅವನ ಕೇಳುಗನಾದ ಸಿಂಹನಿಗೆ ಆ ಕುಟಿಲತೆ ತಿಳಿಯದು. ಇಲ್ಲಿ ಕೇಳುಗರಿಗೆ ಎಲ್ಲವೂ ತಿಳಿದಿದೆ. ತಿಳಿದೂ ಕಥೆಯು ಅವರನ್ನು ಹಿಡಿಯುತ್ತದೆ. ಇದರಿಂದ ಕಠಿನವಾದ ಪ್ರಶ್ನೆಯೊಂದು ಏಳುತ್ತದೆ: ವಕ್ತೃವಿನ ದೋಷವು ವಾಕ್ಯಕ್ಕೆ ಅಂಟುವುದೋ ಇಲ್ಲವೋ? ನೈಯಾಯಿಕರ ಮತದಲ್ಲಿ ಶಬ್ದದ ಪ್ರಾಮಾಣ್ಯವು ಆಪ್ತನಿಂದ. ತತ್ತ್ವವನ್ನು ತಿಳಿದಿರುವುದು, ತಿಳಿದುದನ್ನು ಭೂತದಯೆಯಿಂದ ಹೇಳಬಯಸುವುದು ಆಪ್ತನ ಲಕ್ಷಣ. ಪಾರ್ಡನರನಲ್ಲಿ ಮೊದಲನೆಯದು ಇದೆ, ಎರಡನೆಯದು ಇಲ್ಲ. ಮೀಮಾಂಸಕರಾದರೋ ವೇದಕ್ಕೆ ವಕ್ತೃವೇ ಇಲ್ಲವಾದುದರಿಂದ ವಕ್ತೃದೋಷಕ್ಕೆ ಅವಕಾಶವಿಲ್ಲವೆನ್ನುವರು. ಇದನ್ನು ಹೋಲುವ ವಿವಾದವೇ ಆಗ ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದಿತು. ಸಂಸ್ಕಾರಗಳ ಫಲವು ಪುರೋಹಿತನ ಶೀಲವನ್ನು ಅವಲಂಬಿಸದೆಂಬುದು ಧರ್ಮಪೀಠದ ಸಿದ್ಧಾಂತ. ಮಹಾಪಾಪದಲ್ಲಿರುವ ಪುರೋಹಿತನು ಸಂಸ್ಕಾರಮಾಡಲಾರನೆಂಬ ಪಕ್ಷವನ್ನು, ವಿಕ್ಲಿಫನ ಬೋಧನೆಗಳಿಂದ ಆಯ್ದ ಇತರ ವಾಕ್ಯಗಳೊಡನೆ, ೧೩೮೨ರಲ್ಲಿ ಲಂಡನ್ನಿನ ಬ್ಲಾಕ್‌ಫ್ರಯರ್ಸ್ ಸಭೆಯು ಖಂಡಿಸಿತು. ಚಾಸರನು ಕ್ಯಾಂಟರ್ಬರಿ ಕಥೆಗಳನ್ನು ಆರಂಭಿಸಿದುದು ೧೩೮೭ರ ಸುಮಾರಿಗೆ. ಅವನು ಯಾವ ಪಕ್ಷವನ್ನೂ ಸ್ಥಾಪಿಸಲಿಲ್ಲ. ಎರಡೂ ಪಕ್ಷಗಳು ತಲೆದೂಗಬೇಕಾದ ಒಬ್ಬ ಮನುಷ್ಯನನ್ನು ನಿಲ್ಲಿಸಿದನು.

ಉಪಸಂಹಾರವು ಇನ್ನೂ ವಿಚಿತ್ರವಾಗಿದೆ. ಕಥೆ ಮುಗಿದೊಡನೆ ಪಾರ್ಡನರ್, ಕ್ರಿಸ್ತನು ಕೊಡುವ ಕ್ಷಮೆಯೇ ಶ್ರೇಷ್ಠವೆಂದು ಹೇಳಿ, ಮರುಕ್ಷಣವೇ ಅದೇ ಸುಳ್ಳು ಅವಶೇಷಗಳನ್ನು ಯಾತ್ರಿಕರ ಮುಂದೆ ಚಾಚುತ್ತಾನೆ. ಛತ್ರದ ಯಜಮಾನನು ಅಸಭ್ಯವಾಗಿ ಹಳಿಯಲು ಅವನ ಮಾತೇ ಕಟ್ಟುತ್ತದೆ. ವೃದ್ಧ ಯೋಧನು ಇಬ್ಬರಿಗೂ ಸಂಧಿಮಾಡಿಸುತ್ತಾನೆ. ಆ ನಡುವಣ ಮಾತಿನಲ್ಲಿ ಅವನ ಅಂತಃಕರಣವು ಕ್ಷಣಕಾಲ ಎಚ್ಚತ್ತಿತೆಂದು ಅಮೆರಿಕದ ವಿದ್ವಾಂಸ ಕಿಟ್ರೆಜನ ಅಭಿಪ್ರಾಯ. ಅದು ಸಹೃದಯವಾದ ಊಹೆ. ನನಗಾದರೋ ಬೇರೆ ತೋರುತ್ತದೆ. ಮಾತನ್ನೇ ಸರಕಾಗಿ ಮಾಡಿಕೊಂಡವನಿಗೆ ಸತ್ಯವಾಕ್ಯವೂ ಸರಕೇ. ನಾಲಗೆಯು ಅಭ್ಯಾಸಬಲದಿಂದ ಓಡುತ್ತದೆ. ಎದುರಿಗಿರುವವರು ತನ್ನ ಗುಟ್ಟನ್ನು ಬಲ್ಲವರೆಂಬುದನ್ನೂ ಅದು ಮರೆಯುತ್ತದೆ. ಅವನ ಶಿಕ್ಷೆಯು ಮರಣವಲ್ಲ, ಮೌನ. ವಾಗ್ವ್ಯಾಪಾರಿಗೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಆದುದರಿಂದ ಉಪಾಧ್ಯಾಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಪ್ರಸ್ತಾವನೆಯನ್ನೂ ಉಪಸಂಹಾರವನ್ನೂ ಕತ್ತರಿಸಿ ನಡುವಣ ಕಥೆಯನ್ನು ಮಾತ್ರ ನೀತಿಪಾಠವಾಗಿ ಕಲಿಸಿದರೆ ಉಳಿಯುವುದು ಜಾತಕದ ವಸ್ತು, ಅದೂ ಬೋಧಿಸತ್ತ್ವನನ್ನು ಕಳೆದುಕೊಂಡ ವಸ್ತು, ಚಾಸರನು ಉಳಿಯುವುದಿಲ್ಲ. ಉಪದೇಶವೇ ವೃತ್ತಿಯಾಗಿರುವ ನಮ್ಮಂತಹವರು ಈ ಕಥೆಯನ್ನು ಪೂರ್ಣವಾಗಿ ಓದುವುದಕ್ಕೆ ಇನ್ನೊಂದು ಕಾರಣವೂ ಉಂಟು. ಪ್ರತಿವರ್ಷವೂ ಒಂದೇ ಸೂಕ್ತಿಯನ್ನು ವ್ಯಾಖ್ಯಾನಮಾಡಿ ವೇತನವನ್ನು ಪಡೆಯುವವನು ಪಾರ್ಡನರನನ್ನು ನೋಡಿ ನಗುವುದಕ್ಕೆ ಮೊದಲು ಕ್ಷಣಕಾಲ ತಡೆಯಬೇಕಾಗುತ್ತದೆ.