ಬೋಟಿನ ಎಂಜಿನ್‌ಗೆ ಕಿವಿ ಕೊಡುವುದು: ರಸಿಕರಿಗೊಂದು ಕೈಪಿಡಿ

ಬೆಂಗಳೂರಿನ ಕಲ್ಯಾಣ ನಗರಕ್ಕೆ ಸಮುದ್ರ ದೂರ. ಆದರೂ ಬೋಟಿನ ಎಂಜಿನ್ ಕೇಳುವ ಅಭ್ಯಾಸವನ್ನು ಇಲ್ಲಿಂದಲೇ ಶುರು ಮಾಡಬಹುದು, ಕರೆಂಟ್ ಹೋದರೆ ಸಾಕು. ಅಪಾರ್ಟ್‌ಮೆಂಟಿನ ಮೂಲೆಯಲ್ಲಿ ತಟ್ಟನೆ ಎದ್ದು ಕೂರುವ ಡೀಸೆಲ್ ಜನರೇಟರ್ ಹೊಸಬರಿಗೆ ಒಳ್ಳೆಯ ಗುರು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅದಕ್ಕೆ ಹೊಂದಲು ಇಂಥ ಜನರೇಟರುಗಳು ಸಾಮಾನ್ಯವಾಗಿ ನಿಮಿಷಕ್ಕೆ 1500 ಸುತ್ತಿನಲ್ಲೇ ಓಡುತ್ತವೆ. ಲಿಫ್ಟ್ ಹೊರಟಾಗ ಭಾರ ಬಿದ್ದು ಸದ್ದು ದಪ್ಪವಾಗುತ್ತದೆ. ವೇಗ ಕಾಯುವ ಗವರ್ನರ್ ಇಂಧನ ಹೆಚ್ಚಿಸಿ ಎಂಜಿನ್ನನ್ನು ಮತ್ತೆ ವೇಗಕ್ಕೆ ತರುತ್ತದೆ. ಇದನ್ನು ಕೆಲವು ದಿನ ಗಮನವಿಟ್ಟು ಕೇಳಿ. ತಂಬೂರಿಯ ಶ್ರುತಿ ಕಿವಿಯಲ್ಲಿ ಕೂತ ಮೇಲಲ್ಲವೇ ಗಾಯಕ ಎಲ್ಲಿ ಜಾರಿದನೆಂದು ತಿಳಿಯುವುದು? ಆರೋಗ್ಯವಂತ ಎಂಜಿನ್ ಹೇಗೆ ಮಾತಾಡುತ್ತದೆಂದು ಗೊತ್ತಿಲ್ಲದವರಿಗೆ ಕಾಯಿಲೆಯ ಎಂಜಿನ್ ಬರೀ ಗದ್ದಲ.

ಆಮೇಲೆ ಕರಾವಳಿಯ ಮಲ್ಪೆ ಬಂದರಿಗೆ ಹೋಗಿ. ಅಲ್ಲಿನ ಟ್ರಾಲ್ ಬೋಟು, ಪರ್ಸೀನ್ ಬೋಟುಗಳಲ್ಲಿ ಡೀಸೆಲ್ ಎಂಜಿನ್ ಒಳಗೇ ಇರುತ್ತದೆ. ಎಂಜಿನ್ನಿನ ಬೆನ್ನಿಗೆ ಗೇರ್‌ಬಾಕ್ಸ್, ಅಲ್ಲಿಂದ ಕಪ್ಲಿಂಗ್, ಉದ್ದನೆಯ ಶಾಫ್ಟ್, ನೀರು ಒಳಬಾರದಂತೆ ತಡೆಯುವ ಗ್ಲ್ಯಾಂಡ್, ಬೇರಿಂಗ್, ಕೊನೆಗೆ ನೀರಿನಡಿ ತಿರುಗುವ ಫ್ಯಾನ್. ಮೀನುಗಾರರ ಬಾಯಲ್ಲಿ ಪ್ರೊಪೆಲ್ಲರ್ ಎಂದರೆ ಫ್ಯಾನ್. ಈ ಸಾಲಿನಲ್ಲಿ ಎಲ್ಲಿ ಬೇಕಾದರೂ ಸದ್ದು ಹುಟ್ಟಬಹುದು, ಮರದ ಅಥವಾ ಉಕ್ಕಿನ ಒಡಲು ಅದನ್ನು ಬೋಟಿನ ಉದ್ದಕ್ಕೂ ಹರಡಬಹುದು. ಹಿಂದೆ ಹುಟ್ಟಿದ ಸದ್ದು ಮುಂದೆ ಕೇಳಿಸುತ್ತದೆ. ಹಾಗಾಗಿ ಸದ್ದು ಯಾವುದರ ಹಾಗಿದೆ ಎಂದು ವರ್ಣಿಸುವ ಆತುರ ಬೇಡ. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ನೋಡಿ. ಈ ವಿದ್ಯೆಯ ಮುಕ್ಕಾಲು ಪಾಲು ಇಷ್ಟರಲ್ಲೇ ಇದೆ.

ಬೋಟನ್ನು ಬಂದರಿನ ಧಕ್ಕೆಗೆ ಕಟ್ಟಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಓಡಿಸಲು ಹೇಳಿ. ಆಗಲೂ ಸದ್ದಿದ್ದರೆ ಹುಡುಕಾಟ ಎಂಜಿನ್ ಮತ್ತು ಗೇರ್‌ಬಾಕ್ಸಿನ ಮುಂಭಾಗಕ್ಕೆ ಸೀಮಿತ. ಶಾಫ್ಟು, ಫ್ಯಾನ್ ನಿರಪರಾಧಿಗಳು. ನಿಧಾನ ಓಟದಲ್ಲಿ ಗಡಗಡ ಎನ್ನುತ್ತಾ, ಸ್ವಲ್ಪ ವೇಗ ಕೊಟ್ಟೊಡನೆ ಮಾಯವಾದರೆ ಫ್ಲೈವೀಲ್ ಮತ್ತು ಗೇರ್‌ಬಾಕ್ಸ್ ನಡುವಿನ ಡ್ಯಾಂಪರ್ ಪ್ಲೇಟಿನ ಸ್ಪ್ರಿಂಗುಗಳು ಸಡಿಲವಾಗಿರುವ ಸಂಭವ ಹೆಚ್ಚು. ಇದನ್ನು ಎಂಜಿನ್ನಿನ ಒಳಗಿನ ಬಡಿತವೆಂದು ತಪ್ಪು ತಿಳಿದು ಎಂಜಿನ್ ಬಿಚ್ಚಿಸುವ ಅಪಾಯವಿದೆ. ತಣ್ಣಗಿದ್ದಾಗ ಕಿರುಚಿ ಆಮೇಲೆ ಸುಮ್ಮನಾಗುವುದು ಬಹುಮಟ್ಟಿಗೆ ಬೆಲ್ಟು. ಹೊಗೆಯ ಜೊತೆ ನೀರು ಬೆರೆಸಿ ಹೊರಬಿಡುವ ಎಂಜಿನ್‌ಗಳಲ್ಲಿ ಒದ್ದೆ ಒದ್ದೆಯಾಗಿದ್ದ ಸದ್ದು ಒಣಗಿ ಟೊಳ್ಳಾದರೆ, ತಂಪು ಮಾಡುವ ನೀರು ನಿಂತಿದೆಯೆಂದೇ ಲೆಕ್ಕ. ಆಗ ಕೇಳುತ್ತಾ ನಿಲ್ಲಬೇಡಿ, ಎಂಜಿನ್ ನಿಲ್ಲಿಸಲು ಹೇಳಿ.

ನ್ಯೂಟ್ರಲ್‌ನಲ್ಲಿ ಇಲ್ಲದ ಸದ್ದು ಗೇರು ಹಾಕಿದೊಡನೆ ಬಂತೇ? ಈಗ ಲಯ ಎಣಿಸುವ ಕಾಲ. ನಿಮಿಷಕ್ಕೆ 600 ಸುತ್ತು ತಿರುಗುವ ಎಂಜಿನ್ನಿನ ಕ್ರ್ಯಾಂಕ್ ಸೆಕೆಂಡಿಗೆ 10 ಸುತ್ತು ಹಾಕುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ಯಾಮ್ ಶಾಫ್ಟ್ ಅದರ ಅರ್ಧ, ಅಂದರೆ 5. ಗೇರ್‌ಬಾಕ್ಸ್ ವೇಗವನ್ನು ಮೂರರಲ್ಲೊಂದು ಪಾಲಿಗೆ ಇಳಿಸಿದರೆ ಹಿಂದಿನ ಶಾಫ್ಟು ಸೆಕೆಂಡಿಗೆ ಮೂರಕ್ಕಿಂತ ತುಸು ಹೆಚ್ಚು ಸುತ್ತು ತಿರುಗುತ್ತದೆ. ಮೂರು ಕಿವಿಯಿಂದಲೇ ಎಣಿಸಬಹುದಾದ ಲಯ. ಹತ್ತು ಎಣಿಕೆಗೆ ಸಿಗದ ದಡಬಡ. ಟಕಟಕ ಎಂಬ ಹಗುರ ಸದ್ದು ನ್ಯೂಟ್ರಲ್‌ನಲ್ಲೂ ಇದ್ದು ಐದರ ಲಯದಲ್ಲಿದ್ದರೆ ವಾಲ್ವಿನ ಕಡೆ ನೋಡಿ. ಧಡ್ ಧಡ್ ಎಂದು ಮೂರರ ಲಯದಲ್ಲಿ ಕಾಲಿಗೆ ತಾಗಿದರೆ ಸೊಟ್ಟಗಾದ ಶಾಫ್ಟು, ಪೆಟ್ಟು ತಿಂದ ಫ್ಯಾನಿನ ರೆಕ್ಕೆ ಅಥವಾ ಸುತ್ತಿಕೊಂಡ ಹಗ್ಗ. ನಮ್ಮ ಕರಾವಳಿಯಲ್ಲಿ ತೇಲಿ ಬರುವ ಬಲೆಯ ತುಂಡು ಫ್ಯಾನಿಗೆ ಸಿಲುಕುವುದು ನಿತ್ಯದ ಕಷ್ಟ: ಸದ್ದಿನ ಜೊತೆಗೇ ಬೋಟಿನ ವೇಗ ಬೀಳುತ್ತದೆ, ಹೊಗೆ ಕಪ್ಪಾಗುತ್ತದೆ. ಬೇರಿಂಗ್ ಸವೆದರೆ ಹೀಗೆ ತಟ್ಟನೆ ಆಗದು, ಅದರ ಗುರುಗುರು ವಾರಗಟ್ಟಲೆ ಮೆಲ್ಲನೆ ಬೆಳೆಯುತ್ತದೆ.

ನನ್ನ ಮಟ್ಟಿಗೆ ಅತ್ಯಂತ ರಸವತ್ತಾದ ಸದ್ದು ಫ್ಯಾನಿನ ಸುತ್ತ ನೀರೇ ಒಡೆಯುವುದು. ರೆಕ್ಕೆಯ ಒಂದು ಮುಖದಲ್ಲಿ ಒತ್ತಡ ತೀರಾ ಕುಸಿದಾಗ ತಣ್ಣನೆಯ ನೀರೂ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಆ ಗುಳ್ಳೆಗಳು ಕುಸಿದು ಸಿಡಿಯುವಾಗ ಒಡಲಿನಡಿ ಜಲ್ಲಿ ಎರಚಿದಂಥ ಚರಚರ ಕೇಳುತ್ತದೆ. ಆ ಸಿಡಿತಕ್ಕೆ ಕಂಚಿನ ರೆಕ್ಕೆಯಲ್ಲೂ ಗುಳಿ ಬೀಳುತ್ತದೆ. ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ನೀರಿಗಿಳಿಸಿದ ಟರ್ಬೀನಿಯಾ ಹಡಗು ಮೊದಲು ನಿರೀಕ್ಷಿಸಿದ ವೇಗ ಮುಟ್ಟದೇ ಹೋಗಿದ್ದಕ್ಕೆ ಇದೇ ಕಾರಣ. ಅವರು ಒಂದು ಶಾಫ್ಟಿನ ಬದಲು ಮೂರು ಶಾಫ್ಟು, ಒಂಬತ್ತು ಫ್ಯಾನು ಹಾಕಿದ ಮೇಲೆ 1897ರಲ್ಲಿ ಅದು 34 ನಾಟ್ ವೇಗದಲ್ಲಿ ಓಡಿ ಬ್ರಿಟಿಷ್ ನೌಕಾಪಡೆಯನ್ನು ಬೆರಗುಗೊಳಿಸಿತು. ಈ ಗುಳ್ಳೆಗಳ ಹುಟ್ಟನ್ನು ಸಮುದ್ರವಿಲ್ಲದ ನಮ್ಮ ಊರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿ.ಎಚ್. ಅರಕೇರಿಯವರು ಆಳವಾಗಿ ಅಧ್ಯಯನ ಮಾಡಿದರು ಎಂಬುದು ಬೆಂಗಳೂರಿನವರಿಗೆ ಹೆಮ್ಮೆಯ ಸಂಗತಿ.

ಸಲಕರಣೆ ಹೆಚ್ಚೇನೂ ಬೇಡ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಅಲುಗದ ಭಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ತಾಗಿಸಿ ಕೇಳುವುದು ಮೆಕ್ಯಾನಿಕ್‌ಗಳ ಹಳೆಯ ಪದ್ಧತಿ. ಉಕ್ಕಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ಓಡುತ್ತದೆ, ಸುತ್ತಲಿನ ಗದ್ದಲ ದೂರ ಸರಿಯುತ್ತದೆ. ತಿರುಗುವ ಶಾಫ್ಟು, ಬೆಲ್ಟಿನ ಹತ್ತಿರ ಮಾತ್ರ ಇದನ್ನು ಮಾಡಲೇಬೇಡಿ. ದುಪಟ್ಟಾ, ಪಂಚೆ, ಬಿಟ್ಟ ಕೂದಲು ಎಲ್ಲಕ್ಕೂ ಅಪಾಯ. ಡೀಸೆಲ್ ಪೈಪಿನ ನಟ್ಟು ಸಡಿಲಿಸಿ ಯಾವ ಸಿಲಿಂಡರ್ ಬಡಿಯುತ್ತಿದೆಯೆಂದು ಪತ್ತೆ ಮಾಡುವುದು ನುರಿತವರ ಕೆಲಸ. ಪೈಪಿನೊಳಗಿನ ಭಾರೀ ಒತ್ತಡದ ಡೀಸೆಲ್ ಚರ್ಮವನ್ನೇ ತೂರಬಲ್ಲದು.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡ ಸೇರಿ ರಿಪೇರಿಯಾಗುವ ಕಾಲ ಅದು. ಫ್ಯಾನನ್ನೂ ಶಾಫ್ಟನ್ನೂ ಕಣ್ಣಾರೆ ಕಾಣಲು ಆಗ ಹೋಗಿ. ಮಳೆ ಕಳೆದು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿ ಬೋಟುಗಳು ಶುರುವಾದ ಮೇಲೆ ಇನ್ನೊಮ್ಮೆ ಹೋಗಿ, ಮುಂದಿನ ಸೀಟಿಗೆ ಮುಗಿಬೀಳದೆ ಎಂಜಿನ್ ಹತ್ತಿರ ಕೂರಲು ಬೋಟು ನಡೆಸುವ ತಾಂಡೇಲರ ಅನುಮತಿ ಕೇಳಿ.